ಕೆಂಪು ಟಾರ್ಪಾಲಿನ ಕೆಳಗೆ

ಇವತ್ತಿಗೂ ಬಂದರಿನಲ್ಲಿ ಕೊಂಡ ಮೀನನ್ನು ಬಿಸಿಲಿಗೆ ಹಿಡಿದು ನೋಡದೆ ನಾನು ಚೀಲಕ್ಕೆ ಹಾಕುವುದಿಲ್ಲ.

ನನ್ನ ಬಾಲ್ಯದಲ್ಲಿ ಒಂದು ದಿನ ಅಮ್ಮ ನನ್ನನ್ನು ಕರೆದುಕೊಂಡು ಮೀನು ಕೊಳ್ಳಲು ಬಿಜೈಯಿಂದ ಬಂದರಿಗೆ ಬಂದಿದ್ದಳು. ಅವಳ ತಾಯಿ, ನನ್ನ ಅಜ್ಜಿ, ಬೋಳಾರದಿಂದ ಬರುವವಳಿದ್ದಳು. ಅಜ್ಜಿ ತಲುಪುವ ಮೊದಲೇ ಅಮ್ಮ ಮೀನಿನವಳ ಕೆಂಪು ಟಾರ್ಪಾಲಿನ ಕೆಳಗೆ ಸೇರಿಕೊಂಡಳು. ಅಲ್ಲಿ ಮಂಜುಗಡ್ಡೆಯೂ ಕೆಂಪಾಗಿತ್ತು, ಅಮ್ಮನ ಹಸಿರು ಸೀರೆ ಕಪ್ಪಾಗಿತ್ತು. ಬಸ್ಸಿನಲ್ಲಿ ಅವಳ ಕೆನ್ನೆಯ ಮೇಲೆ ನಾನು ಕಂಡಿದ್ದ ಕೆಂಪು ಬೆರಳ ಗುರುತುಗಳು ಮಾತ್ರ ಮಾಯವಾಗಿದ್ದವು.

ಅಜ್ಜಿ ಬಂದದ್ದೇ ಮೀನಿನವಳು, “ಬೆಳಿಗ್ಗೆಯ ಬಂಗುಡೆ ಅಮ್ಮಾ, ಕಿವಿರು ನೋಡಿ, ಎಷ್ಟು ಕೆಂಪು ಉಂಟು!” ಎಂದಳು.

“ಆ ಕೆಂಪು ನಿನ್ನ ಟಾರ್ಪಾಲಿನದ್ದು ಮಾರಾಯ್ತಿ. ಇದರ ಅಡಿಯಲ್ಲಿ ಮೊನ್ನೆಯ ಮೀನೂ ಇವತ್ತಿನದ್ದೇ,” ಎಂದ ಅಜ್ಜಿ ಒಂದು ಬಂಗುಡೆಯನ್ನು ಬಾಲ ಹಿಡಿದು ಬಿಸಿಲಿಗೆ ಒಯ್ದಳು. ಕಿವಿರು ಕಾಫಿಪುಡಿಯ ಬಣ್ಣಕ್ಕಿತ್ತು.

ಗೆದ್ದ ನಗುವಿನಲ್ಲಿ ತಿರುಗಿದವಳ ಕಣ್ಣು ಅಮ್ಮನ ಮೇಲೆ ನಿಂತಿತು.

“ಆಗಿನಿಂದ ಎಂತಕ್ಕೆ ಅಲ್ಲೇ ನಿಂತದ್ದು ನೀನು?”

“ಬಿಸಿಲು, ಅಮ್ಮಾ.”

ಅಜ್ಜಿ ಮೀನನ್ನು ಮರಳಿ ಮೀನಿನವಳ ಬುಟ್ಟಿಗೆ ಹಾಕಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.

“ನೀನೂ ಒಮ್ಮೆ ಹೊರಗೆ ಬಾ ಮಗಳೇ.”