ಅಮ್ಮನ ಹಾಡಿನ ಹಿಂದಿನ ಸದ್ದು

ಮೂರನೆಯ ಡಾಂಗಲ್ಲನ್ನು ಫೋನಿಗೆ ಸಿಕ್ಕಿಸಿ ಹೆಡ್‌ಫೋನ್ ಏರಿಸಿಕೊಂಡವಳೇ ಮಗಳು ಕಲ್ಲಾಗಿ ನಿಂತಳು. ಅಂಗಡಿಯವನು ಕೊಟ್ಟ, ಫೋನಿನ ಸದ್ದನ್ನು ತಿಳಿಯಾಗಿಸುವ ಬೆರಳುದ್ದದ ಆ ಆಂಪ್ಲಿಫೈಯರುಗಳಲ್ಲೆಲ್ಲ ಅವಳು ಕೇಳಿ ನೋಡುತ್ತಿದ್ದದ್ದು ಒಂದೇ ಹಾಡು, ತೀರಿಹೋದ ಅಮ್ಮನದು, ಹಳೆಯ ಕ್ಯಾಸೆಟ್ಟಿನಿಂದ ಫೋನಿಗಿಳಿಸಿದ್ದು. ಹಾಡಿನ ಹಿಂದಿನ ಗರಗರ ಸದ್ದನ್ನು ಇಷ್ಟು ವರ್ಷ ಕ್ಯಾಸೆಟ್ಟಿನ ದೋಷವೆಂದುಕೊಂಡಿದ್ದಳು. ಈಗ ಸ್ಪಷ್ಟವಾಗಿ ಕೇಳಿತು, ಅದು ಅಪ್ಪನ ಹೊಲಿಗೆ ಮಿಷನ್ನು!

"ಯಾವುದೋ ಒಂದು ತಗೊಳ್ಳಮ್ಮ, ಎಲ್ಲಾ ಒಂದೇ," ಎಂದ ದರ್ಜಿ ಅಪ್ಪ, ಗೋಡೆಗೊರಗಿ. "ನಿಮ್ಮಮ್ಮನ ಹಾಡು ನಾನೆಲ್ಲಿ ಕೇಳ್ತಿದ್ದೆ? ನನ್ನ ಕೆಲಸಾನೇ ಹಾಸಿ ಹೊದೆಯೋಷ್ಟಿತ್ತು."

ಆದರೆ ಮಿಷನ್ನು ಓಡುತ್ತಿದ್ದದ್ದೇ ಅಮ್ಮನ ತಾಳಕ್ಕೆ. ಚರಣದ ಕೊನೆಗೆ ಅಮ್ಮ ಸ್ವರ ಎಳೆದಾಗ ಅದು ಉಸಿರು ಬಿಗಿಹಿಡಿದಂತೆ ನಿಂತಿತು. ಪಲ್ಲವಿ ಎತ್ತಿಕೊಂಡೊಡನೆ ಮತ್ತೆ ಹೊರಟಿತು. ಪ್ರತಿ ಚರಣಕ್ಕೂ ಹಾಗೆಯೇ.

ಅವಳು ಹೆಡ್‌ಫೋನನ್ನು ಅಪ್ಪನ ಕಿವಿಗಿಟ್ಟು ಹಾಡನ್ನು ಮೊದಲಿನಿಂದ ಹಾಕಿದಳು. ಅಪ್ಪನ ಕಣ್ಣು ತಾನಾಗಿ ಮುಚ್ಚಿತು. ಅವನ ಬಲಗಾಲು ಅಂಗಡಿಯ ನೆಲದ ಮೇಲೆ ಇಲ್ಲದ ಪೆಡಲನ್ನು ತುಳಿಯತೊಡಗಿತು. ಈಗ ಅವಳಿಗೆ ಹಾಡು ಕೇಳುತ್ತಿರಲಿಲ್ಲ. ಆದರೂ ಆ ಕಾಲು ತಟ್ಟನೆ ನಿಂತಾಗ, ಅಮ್ಮ ಸ್ವರ ಎಳೆಯುತ್ತಿದ್ದಾಳೆಂದು ಗೊತ್ತಾಯಿತು.