ಮಧ್ಯಾಹ್ನ ಒಂದರ ಕೆಂಪು ಚುಕ್ಕೆ

ಬಿಸಿಲು ಏರಿತೆಂದರೆ ಕಲಬುರಗಿಯ ಹಿರಿಯರೆಲ್ಲ ಮೈಯನ್ನು ತಣ್ಣನೆಯ ಕೋಣೆಯಲ್ಲಿ ಮಲಗಿಸಿ, ಮನಸ್ಸನ್ನು ಸರ್ವರಿಗೆ ಕಳಿಸಿ, ಮಳೆಗಾಲದವರೆಗೆ ಅಲ್ಲೇ ಸಂಸಾರ ಹೂಡುತ್ತಿದ್ದರು. ಅವರನ್ನು ಕಾಯುವ ಕೆಲಸ ಮಹಾನಂದಾಳದು. ಕಂಪ್ಯೂಟರ್ ಪರದೆಯ ಮೂಲೆಯ ಪುಟ್ಟ ಕಿಟಕಿಯಲ್ಲಿ ತಲೆಗೊಂದು ಚುಕ್ಕೆ. ಹಸಿರಿದ್ದರೆ ಕ್ಷೇಮ, ಕೆಂಪಾದರೆ ತೊಂದರೆ.

ಅವಳ ಅಜ್ಜಿ ಭೌರಮ್ಮನ ಚುಕ್ಕೆ ಮಾತ್ರ ದಿನಾ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಕೆಂಪಾಗುತ್ತಿತ್ತು. ಸರ್ವರಿನೊಳಗಿನ ತನ್ನ ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುವಿ, ನೀರು ಉಕ್ಕಿಸಿ ಮುದುಕಿ ಅಲಾರಂ ಹೊಡೆಸುತ್ತಿದ್ದಳು. ಚುಕ್ಕೆ ಒತ್ತಿದರೆ ಅದೇ ದನಿ: "ಉಂಡೀ ಏನವ್ವಾ?"

"ತೊಂದ್ರಿ ಆದ್ರಷ್ಟೇ ಕೆಂಪಾಗ್ಬೇಕು, ಆಯೀ!"

"ನೀ ಉಪಾಸ ಕುಂತ್ರ ತೊಂದ್ರಿ ಅಲ್ಲೇನು?"

ಇವತ್ತು ಒಂದು ಹೊಡೆದು ಹತ್ತು ನಿಮಿಷವಾದರೂ ಚುಕ್ಕೆ ಬಣ್ಣ ಬದಲಿಸಲಿಲ್ಲ.

"ಎಲ್ಲಾ ಹಸರೇ ಅದ, ಉಣ್ಣು ಇನ್ನ," ಎಂದ ಪಕ್ಕದ ಮೇಜಿನ ರಫೀಕ್.

ಮಹಾನಂದಾ ಬಿಚ್ಚಿದ ಬುತ್ತಿಯನ್ನು ಹಾಗೆಯೇ ಬಿಟ್ಟು ತಣ್ಣನೆಯ ಕೋಣೆಯತ್ತ ಓಡಿದಳು.