ನೆರಳು ಹೋದ ಹಳ್ಳ

ಮನೆಯ ಸಂಪು ತೊಳೆಸುವಾಗ ಪಾಚಿಯ ಹಸಿ ವಾಸನೆ ಬಂದರೆ, ತೂಬಗೆರೆ ಕಡೆಯ ನಮ್ಮೂರ ಹಳ್ಳದ ಒಂದು ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಅಜ್ಜಿಯ ಜೊತೆ ಬಟ್ಟೆ ಒಗೆಯಲು ಹೋಗಿದ್ದೆ. “ನೀರು ನಿಂತು ಬಿಸಿಲು ಬಿದ್ರೆ ಪಾಚಿ ಕಟ್ಟುತ್ತೆ. ಹೊಂಗೆ ನೆರಳಲ್ಲಿರೋ ಕಲ್ಲು ಜಾರಲ್ಲ ಕಣೇ,” ಎಂದು ಅಜ್ಜಿ ಯಾವಾಗಲೂ ಹೇಳುತ್ತಿದ್ದಳು. ಆದರೆ ಆ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡಲು ದಡದ ಹೊಂಗೆ ಮರಗಳನ್ನೆಲ್ಲ ಕಡಿದಿದ್ದರು. ಹರಿವು ಸಣ್ಣಗಾಗಿತ್ತು. ಅಜ್ಜಿಯ ಒಗೆಯುವ ಕಲ್ಲಿನ ಮೇಲೂ ಕೂದಲಿನಂಥ ಹಸಿರು ಎಳೆಗಳು ಬೆಳೆದಿದ್ದವು. ಮುಟ್ಟಿದರೆ ಲೋಳೆ.

“ಅಜ್ಜೀ, ಇಲ್ಲೂ ಬಂದೈತೆ,” ಎಂದೆ.

“ಇಲ್ಲಿ ಬರಲ್ಲ ಬಿಡೇ. ನಾನು ಮದುವೆಯಾಗಿ ಬಂದಾಗಿಂದ ಇದೇ ಕಲ್ಲು,” ಎನ್ನುತ್ತಾ ಅಜ್ಜಿ ಕಾಲಿಟ್ಟಳು.

ಬಿದ್ದ ಸದ್ದೇನೂ ದೊಡ್ಡದಲ್ಲ. “ಸೊಂಟ ಹೋಯ್ತು ಕಣೇ, ನಿಮ್ಮಪ್ಪನ್ನ ಕರಿ,” ಎಂದಳು. ನನಗೆ ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಒಗೆಯಲು ತಂದಿದ್ದ ಅವಳ ಸೀರೆ ತೇಲಿಹೋಗುತ್ತಿತ್ತು; ಅದನ್ನು ಹಿಡಿದು, ಹಿಂಡಿ, ಪೊದೆಯ ಮೇಲೆ ಹರವಿ, ಆಮೇಲೆ ಓಡಿದೆ.

ಅಜ್ಜಿ ಮತ್ತೆ ನಡೆಯಲಿಲ್ಲ. ನೋಡಲು ಬಂದವರಿಗೆಲ್ಲ ಮಲಗಿದಲ್ಲಿಂದಲೇ ಹೇಳುತ್ತಿದ್ದಳು: “ನನ್ನ ಮೊಮ್ಮಗಳು ಬಲು ಗಟ್ಟಿ. ಒಂದು ಹನಿ ಕಣ್ಣೀರು ಹಾಕಲಿಲ್ಲ.”